ಹನ್ನೊಂದು ನಿಮಿಷದ ಟೇಕ್

ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ನಾಲಿಗೆಗೆ ಸೋಕಿಸದ ಮನುಷ್ಯನಿಗೆ ಸಿನಿಮಾದವರು ಇಟ್ಟ ಹೆಸರು ಬಾಟ್ಲಿಯಣ್ಣ. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಅವನ ಕೆಲಸ ಪ್ರಾಪರ್ಟಿ. ಸಿನಿಮಾದವರ ಬಾಯಲ್ಲಿ ಪ್ರಾಪರ್ಟಿ ಎಂದರೆ ಹೊಲಮನೆಯಲ್ಲ. ನಟರು ಹಿಡಿಯುವ, ಒಡೆಯುವ, ಬಿಸಾಡುವ ಸಕಲ ಸಾಮಾನು. ಆಸ್ಪತ್ರೆಯ ದೃಶ್ಯಕ್ಕೆ ಸಲೈನ್ ಸೀಸೆ, ಜಗಳದ ದೃಶ್ಯಕ್ಕೆ ಒಡೆಯಲು ಒಂದು ಡಜನ್ ಹೂದಾನಿ, ವಿರಹದ ದೃಶ್ಯಕ್ಕೆ ಹಳದಿಗಟ್ಟಿದ ಕಾಗದ. ಮೂವತ್ತೊಂದು ವರ್ಷ ಅವನು ಇದನ್ನೇ ಹೊತ್ತುಕೊಂಡು ತಿರುಗಿದ.

ಬಾಟಲಿಯ ವಿಷಯದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಗುಜರಿ ಅಂಗಡಿಯಿಂದ ಖಾಲಿ ಬಾಟಲಿ ಆರಿಸಿ ತರುತ್ತಿದ್ದ. ಕುದಿಯುವ ನೀರಿಗೆ ಸೋಡಾಪುಡಿ ಹಾಕಿ ಮೂರು ಸಲ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಮೂಗಿನ ಹತ್ತಿರ ಹಿಡಿದು ನೋಡಿ, ಆಮೇಲೆ ಹಾಲಿಲ್ಲದ ಚಹಾ ತುಂಬುತ್ತಿದ್ದ. ವಿಸ್ಕಿಗೆ ಒಂದು ಹದ, ಬ್ರಾಂದಿಗೆ ಒಂದು ಚಮಚ ಸುಟ್ಟ ಸಕ್ಕರೆ ಹೆಚ್ಚು. ಅವನ ಚಹಾ ಕುಡಿದು ತೂರಾಡಿದ ನಟರು ಪ್ರಶಸ್ತಿ ಹೊತ್ತುಕೊಂಡು ಮನೆಗೆ ಹೋಗಿದ್ದಾರೆ. ವೇದಿಕೆಯ ಮೇಲೆ ನಿರ್ಮಾಪಕರಿಗೆ, ಅಭಿಮಾನಿಗಳಿಗೆ, ಕಾರು ಓಡಿಸುವವನಿಗೆ ಸಹ ಕೃತಜ್ಞತೆ ಸಂದಿದೆ. ಬಾಟಲಿ ತೊಳೆದವನನ್ನು ನೆನೆದವರು ಯಾರೂ ಇಲ್ಲ. ಅವನೇನೋ "ನಮಗ್ಯಾಕೆ ಬಿಡ್ರಿ ಅದೆಲ್ಲ" ಎನ್ನುತ್ತಿದ್ದ. ಹಾಗೆನ್ನುವವರ ಹೊಟ್ಟೆಯೊಳಗೆ ಏನಿರುತ್ತದೆ ಎಂದು ನಮಗೆ ನಿಮಗೆ ಗೊತ್ತಿಲ್ಲದ್ದೇನಲ್ಲ.

ಅವನ ಐವತ್ತೆರಡನೆಯ ವರ್ಷದಲ್ಲಿ ಹೀರೋ ಒಂದು ಸಿನಿಮಾ ನಿರ್ದೇಶನ ಮಾಡಲು ಹೊರಟ. ಹೀರೋ ಎಂದರೆ ನಿಜವಾದ ಹೀರೋನೇ. ಹತ್ತು ವರ್ಷ ಮರ ಸುತ್ತಿ, ಹತ್ತು ಜನರನ್ನು ಒಟ್ಟಿಗೆ ಹೊಡೆದುರುಳಿಸಿ ಹೆಸರು ಮಾಡಿದವನು. ಕುಡಿತಕ್ಕೆ ಬಿದ್ದು ಹೆಸರು ಕೆಡಿಸಿಕೊಂಡವನೂ ಅವನೇ. ಚಿಕಿತ್ಸೆಯಾಗಿ, ಬಿಟ್ಟು, ಹದಿನಾಲ್ಕು ತಿಂಗಳಾಗಿತ್ತು. ಅವನ ಮೊದಲ ನಿರ್ದೇಶನದ ಚಿತ್ರದಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಹೆಚ್ಚುಕಡಿಮೆ ಮಾತೇ ಇಲ್ಲ. ಒಂದು ಅಡುಗೆಮನೆ, ಒಬ್ಬ ಗಂಡಸು, ಒಂದು ಬಾಟಲಿ. ಅಷ್ಟೇ. ಕಥೆ ಕೇಳಿದ ಹಂಚಿಕೆದಾರನೊಬ್ಬ "ಇಂಟರ್‌ವಲ್ಲಿಗಾದ್ರೂ ಯಾರಾದ್ರೂ ಒಳಗೆ ಬರ್ತಾರಾ?" ಎಂದು ಕೇಳಿದ್ದನಂತೆ.

ಆದರೆ ಆ ಅಡುಗೆಮನೆ ಸುಳ್ಳಲ್ಲ. ಹೀರೋ ಒಂಬತ್ತು ವರ್ಷದವನಿದ್ದಾಗ ಅಪ್ಪನ ಬಾಟಲಿಯನ್ನು ಹಿಟ್ಟಿನ ಡಬ್ಬದೊಳಗೆ ಬಚ್ಚಿಟ್ಟಿದ್ದ. ಹುಡುಕಿ ಸಿಗದೆ ಅಪ್ಪ ಅಮ್ಮನ ಮೇಲೆ ಕೈ ಮಾಡಿದ. ಆಕೆ ಒಲೆಕಟ್ಟೆಯ ಮೂಲೆಗೆ ಬಿದ್ದವಳು ಮತ್ತೆ ಸರಿಯಾಗಿ ನಡೆಯಲಿಲ್ಲ. ತಾನು ಬಚ್ಚಿಡದಿದ್ದರೆ ಅಮ್ಮ ಬೀಳುತ್ತಿರಲಿಲ್ಲ ಎಂದು ಹುಡುಗ ತೀರ್ಮಾನ ಮಾಡಿಕೊಂಡ. ಆ ತೀರ್ಮಾನವನ್ನು ಮರೆಯಲು ದೊಡ್ಡವನಾದ ಮೇಲೆ ತಾನೂ ಬಾಟಲಿ ಹಿಡಿದ. ಇದನ್ನು ಸಿನಿಮಾ ಮಾಡಿ ಹೊರಗೆ ಹಾಕದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಹೀರೋನ ಜೊತೆಗೆ ಅವನ ಅಕ್ಕ ದಿನವೂ ಸೆಟ್ಟಿಗೆ ಬರುತ್ತಿದ್ದಳು. ಗಂಡನಿಲ್ಲದ ಹೆಂಗಸು, ಇರುವವಳು ಒಬ್ಬಳೇ ಮಗಳು, ಆಗಷ್ಟೇ ಮದುವೆಯಾದವಳು. ತಮ್ಮನನ್ನು ಚರಂಡಿಯಿಂದ ಎತ್ತಿ ತಂದು ಮನುಷ್ಯನನ್ನಾಗಿ ಮಾಡಿದ್ದು ಆಕೆಯೇ. ಕ್ಯಾಮೆರಾದ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಳು. ಕಣ್ಣು ಮಾತ್ರ ಸ್ವೆಟರಿನ ಮೇಲೆ ಇರುತ್ತಿರಲಿಲ್ಲ. ಮೊದಲ ದಿನವೇ ಬಾಟ್ಲಿಯಣ್ಣನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಬಾಟ್ಲಿಯೆಲ್ಲ ನಿಮ್ಮ ಕೈಯಲ್ಲೇ ಇರೋದಂತೆ. ಅವನಿಗೆ ವಾಸನೆ ಕೂಡ ಬಡೀಬಾರದು. ಡಾಕ್ಟ್ರು ಹೇಳಿದ್ದಾರೆ, ವಾಸನೆ ಸಾಕು ಅಂತ."

"ಅಕ್ಕಾವ್ರೇ, ನಾನು ತೊಳೆದ ಬಾಟ್ಲೀಲಿ ಮಗೂಗೆ ಹಾಲು ಕುಡಿಸಬಹುದು."

"ಮಾತು ಕೊಡಿ."

"ಕೊಟ್ಟೆ" ಎಂದ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅವನೂ ಹಾಗೆಂದೇ ನಂಬಿದ್ದ. ಆ ಅಡುಗೆಮನೆಗೆ ಬೇಕಾದ ಹಿಟ್ಟಿನ ಡಬ್ಬ, ಗೋಡೆ ಗಡಿಯಾರ, ನಾಲ್ಕು ತಟ್ಟೆಗಳನ್ನು ಅಕ್ಕ ತನ್ನ ಮನೆಯಿಂದಲೇ ತಂದು ಅವನ ಕೈಗೆ ಒಪ್ಪಿಸಿದಳು. ಎಲ್ಲವೂ ಆ ಹಳೆಯ ಅಡುಗೆಮನೆಯವೇ.

ಹತ್ತೊಂಬತ್ತು ದಿನ ಶೂಟಿಂಗ್ ಸರಾಗವಾಗಿ ನಡೆಯಿತು. ಇಪ್ಪತ್ತನೆಯ ದಿನಕ್ಕೆ ಚಿತ್ರದ ಜೀವಾಳವೆನ್ನುವ ದೃಶ್ಯವಿತ್ತು. ಹೀರೋ ತಾನೇ ಆಡುವ ಆ ಗಂಡಸು ಒಬ್ಬನೇ ಕೂತು ಬಾಟಲಿಯ ಮುಚ್ಚಳ ತೆಗೆಯುತ್ತಾನೆ, ಮೂಸುತ್ತಾನೆ, ಹೋರಾಡುತ್ತಾನೆ, ಕೊನೆಗೆ ಮುಚ್ಚಿಡುತ್ತಾನೆ. ಹನ್ನೊಂದು ನಿಮಿಷ, ನಡುವೆ ಕಟ್ ಇಲ್ಲ. ಮೂರು ಟೇಕ್ ಆದವು. ಮೂರನ್ನೂ ಹೀರೋ ತಾನೇ ತಿರಸ್ಕರಿಸಿದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಾಟ್ಲಿಯಣ್ಣ ತನ್ನ ಪೆಟ್ಟಿಗೆಯ ಹತ್ತಿರ ಕೂತಿದ್ದಾಗ ಹೀರೋ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಅಕ್ಕ ಹತ್ತು ಹೆಜ್ಜೆ ಆಚೆ ಸ್ವೆಟರ್ ಹಿಡಿದು ಕೂತಿದ್ದಳು.

"ಮುಖ ಬರ್ತಾ ಇಲ್ಲ ಬಾಟ್ಲಿಯಣ್ಣ. ಮೈಗೆ ಗೊತ್ತಾಗತ್ತೆ, ಇದು ಚಹಾ ಅಂತ."

"ಬಣ್ಣ ಗಾಢ ಮಾಡ್ಲಾ ಸಾರ್? ಗ್ಲಿಸರಿನ್ ಹಾಕಿದ್ರೆ ಗಾಜಿಗೆ ಅಂಟಿಕೊಂಡು ಇಳಿಯುತ್ತೆ, ನಿಜದ್ದರ ಥರ."

"ಕಣ್ಣಿಗಲ್ಲ, ಮೂಗಿಗೆ ಬೇಕು. ಎರಡು ಹನಿ. ಬಾಯಿಗೆ ಹಾಕಲ್ಲ, ಆಣೆ. ಬರೀ ವಾಸನೆ. ನಾಳೆ ಬೆಳಿಗ್ಗೆ ಅಕ್ಕ ಇರಲ್ಲ, ಮಗಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ, ಬಸುರಿ ಇರಬಹುದು ಅವಳು. ಆಗ ತೆಗೆದುಬಿಡೋಣ."

"ಬೇಡಿ ಸಾರ್. ನಾನು ಅವರಿಗೆ ಮಾತು ಕೊಟ್ಟಿದ್ದೀನಿ."

ಹೀರೋ ಅವನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದ: "ಈ ಯೂನಿಟ್ಟಲ್ಲಿ ನಲವತ್ತು ಜನ ಇದ್ದಾರೆ. ಎಲ್ಲರೂ ಸಂಬಳಕ್ಕೆ ಬಂದಿದ್ದಾರೆ. ಕೆಲಸ ಅಂದ್ರೆ ಏನು ಅಂತ ಗೊತ್ತಿರೋ ಕಲಾವಿದ ನೀವೊಬ್ಬರೇ."

ಮೂವತ್ತೊಂದು ವರ್ಷದಲ್ಲಿ ಬಾಟ್ಲಿಯಣ್ಣನನ್ನು ಯಾರೂ ಕಲಾವಿದ ಎಂದಿರಲಿಲ್ಲ. ಬೈಗುಳ ತಡೆದುಕೊಂಡವನಿಗೆ ಹೊಗಳಿಕೆ ತಡೆದುಕೊಳ್ಳಲು ಬರಲಿಲ್ಲ. ಪಾಪ ಎನ್ನಬೇಕೋ ಪಾಪಿ ಎನ್ನಬೇಕೋ, ಸಂಜೆ ಸ್ನಾನ ಮಾಡಿ ಶುಭ್ರವಾದ ಅಂಗಿ ತೊಟ್ಟು, ಬದುಕಿನಲ್ಲಿ ಮೊದಲ ಸಲ ಹೆಂಡದಂಗಡಿಯ ಮೆಟ್ಟಿಲು ಹತ್ತಿದ. ಪರಿಚಯದವರು ಯಾರಾದರೂ ಕಂಡಾರೆಂದು ತಲೆಗೆ ಟವೆಲು ಸುತ್ತಿಕೊಂಡು, ಇದ್ದುದರಲ್ಲಿ ಅತಿ ಚಿಕ್ಕ ಬಾಟಲಿ ಕೇಳಿದ. ಅಂಗಡಿಯವನು "ಹೊಸಬರಾ ಯಜಮಾನ್ರೇ?" ಎಂದು ನಕ್ಕ.

ಬೆಳಿಗ್ಗೆ ಅವನು ಲೆಕ್ಕ ಹಾಕಿದ್ದು ಅಪ್ಪಟ ಕೆಲಸಗಾರನ ಲೆಕ್ಕ. ಎರಡು ಹನಿ ಸಾಲದು; ದೊಡ್ಡ ಲೈಟುಗಳ ಕಾವಿಗೆ ವಾಸನೆ ನಾಲ್ಕೇ ನಿಮಿಷಕ್ಕೆ ಹಾರಿಹೋಗುತ್ತದೆ. ಹನ್ನೊಂದು ನಿಮಿಷ ಉಳಿಯಬೇಕಾದರೆ ಒಂದು ಮುಚ್ಚಳ ಬೇಕು. ಚಹಾಕ್ಕೆ ಒಂದು ಮುಚ್ಚಳ ಬೆರೆಸಿದ. ಮಿಕ್ಕಿದ್ದನ್ನು ಮೋರಿಗೆ ಸುರಿದು, ಆ ಚಿಕ್ಕ ಬಾಟಲಿಯನ್ನು ಮೂರು ಸಲ ತೊಳೆದು ಎಸೆದ. ಹೀರೋ ಬಾಯಿಗೆ ಹಾಕುವುದಿಲ್ಲ ಎಂದಿದ್ದಾನಲ್ಲ, ಮತ್ತೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಟೇಕ್ ಶುರುವಾಯಿತು. ಮೊದಲ ನಿಮಿಷದಲ್ಲೇ ಎಲ್ಲರಿಗೂ ಗೊತ್ತಾಯಿತು, ಇದು ಬೇರೆ. ಮುಚ್ಚಳ ತಿರುಗುತ್ತಿದ್ದಂತೆ ಹೀರೋನ ಮೂಗಿನ ಹೊಳ್ಳೆ ಅದುರಿತು. ಕಣ್ಣಲ್ಲಿ ಒಂಬತ್ತು ವರ್ಷದ ಹುಡುಗ ಬಂದು ನಿಂತ. ಅವನು ಹಣೆಯನ್ನು ಮೇಜಿಗೆ ಒತ್ತಿದ, ಎದ್ದ, ಹಿಟ್ಟಿನ ಡಬ್ಬವನ್ನು ತಬ್ಬಿಕೊಂಡ, ಮತ್ತೆ ಬಂದು ಕೂತ. ಲೈಟು ಹಿಡಿದವರು ಸಹ ಅಳುತ್ತಿದ್ದರು. ಬಾಟ್ಲಿಯಣ್ಣನ ಎದೆ ಹಿಗ್ಗಿತು. ಆ ಮುಖ ಬರಿಸಿದ್ದು ತಾನು ಎಂದುಕೊಂಡ. ಆ ಹಿಗ್ಗಿಗಾಗಿ ಅವನು ಆಮೇಲೆ ಎಂದೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಒಂಬತ್ತನೆಯ ನಿಮಿಷದಲ್ಲಿ ಹೀರೋ ಬಾಟಲಿಯನ್ನು ತುಟಿಗೆ ಎತ್ತಿದ. ಬರೆದಿಟ್ಟ ದೃಶ್ಯದಲ್ಲಿ ಅದು ಇರಲಿಲ್ಲ. ಉಳಿದವರೆಲ್ಲ ಅದನ್ನು ನಟನೆ ಎಂದುಕೊಂಡರು. ಒಳಗೆ ಏನಿದೆ ಎಂದು ಗೊತ್ತಿದ್ದವನು ಒಬ್ಬನೇ, ಅವನು ಕ್ಯಾಮೆರಾದಿಂದ ಆರು ಅಡಿ ದೂರದಲ್ಲಿ ನಿಂತಿದ್ದ. "ಸಾರ್" ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಒಂದು ಕೆಮ್ಮು ಸಾಕಿತ್ತು. ಟೇಕ್ ಕೆಡುತ್ತಿತ್ತು, ಹೀರೋ ತಲೆ ಎತ್ತುತ್ತಿದ್ದ, ಬಾಟಲಿ ಕೆಳಗಿಳಿಯುತ್ತಿತ್ತು. ಆದರೆ ಕ್ಯಾಮೆರಾ ಓಡುತ್ತಿರುವಾಗ ಸದ್ದು ಮಾಡಬಾರದು ಎಂಬುದು ಈ ಜನರಿಗೆ ಉಸಿರಿಗಿಂತ ಹಳೆಯ ಅಭ್ಯಾಸ. ಹಿಂದೊಮ್ಮೆ ಸೆಟ್ಟಿನಲ್ಲಿ ಕಾಲ ಮೇಲೆ ಕಬ್ಬಿಣದ ಸ್ಟ್ಯಾಂಡು ಬಿದ್ದಾಗ ಇದೇ ಬಾಟ್ಲಿಯಣ್ಣ ಹಲ್ಲು ಕಚ್ಚಿ ನಿಂತು, ಕಟ್ ಎಂದ ಮೇಲೆ ಚೀರಿದವನು. ಅದನ್ನು ಅಭಿಮಾನದಿಂದ ಹೇಳಿಕೊಂಡು ತಿರುಗಿದವನು. ಈಗಲೂ ಬಾಯಿ ತಾನಾಗಿ ಮುಚ್ಚಿಕೊಂಡಿತು. ಹೀರೋನ ಗಂಟಲು ಒಂದು ಸಲ ಏರಿ ಇಳಿಯಿತು. ಇನ್ನೊಂದು ಸಲ ಏರಿ ಇಳಿಯಿತು. ಉಳಿದ ಎರಡು ನಿಮಿಷ ಬಾಟ್ಲಿಯಣ್ಣ ಕಲ್ಲಿನ ಹಾಗೆ ನಿಂತ.

ಕಟ್ ಎಂದೊಡನೆ ಚಪ್ಪಾಳೆ ಬಿತ್ತು. ಹೀರೋ ನೆಟ್ಟಗೆ ಬಂದು ಬಾಟ್ಲಿಯಣ್ಣನನ್ನು ತಬ್ಬಿಕೊಂಡ. ಕಿವಿಯ ಹತ್ತಿರ ಬಂದ ಆ ಉಸಿರಿನಲ್ಲಿ ಹೆಂಡದ ವಾಸನೆಯಿತ್ತು.

ಮಧ್ಯಾಹ್ನ ಅಕ್ಕ ಆಸ್ಪತ್ರೆಯಿಂದ ಸಿಹಿ ಸುದ್ದಿಯೊಂದಿಗೆ ಬಂದಾಗ ತಮ್ಮ ಸೆಟ್ಟಿನಲ್ಲಿ ಇರಲಿಲ್ಲ. ಮೂರು ದಿನದ ಮೇಲೆ ಯಾವುದೋ ಲಾಡ್ಜಿನಲ್ಲಿ ಸಿಕ್ಕ. ಹದಿನಾಲ್ಕು ತಿಂಗಳ ತಪಸ್ಸು ನೀರುಪಾಲಾಗಿತ್ತು. ಉಳಿದ ದೃಶ್ಯಗಳನ್ನು ಅವನಿಗೆ ಮೈಮೇಲೆ ಎಚ್ಚರವಿದ್ದ ದಿನಗಳಲ್ಲಿ ಹೇಗೋ ತೇಪೆ ಹಾಕಿ ಮುಗಿಸಿದರು.

ಆರು ತಿಂಗಳ ನಂತರ ಒಂದು ಸಣ್ಣ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನವಾಯಿತು. ಬಾಟ್ಲಿಯಣ್ಣ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ಕೊನೆಯಲ್ಲಿ ಪರದೆ ಕಪ್ಪಾಗಿ, ಹೆಸರುಗಳು ಸಾಲಾಗಿ ಬರುವ ಮೊದಲು, ಅವನ ಹೆಸರು ಒಂದೇ ಬಂತು. ಹೆತ್ತವರು ಇಟ್ಟ ಹೆಸರು, ಇಡೀ ಪರದೆಯ ತುಂಬ. "ರೀ, ನಿಮ್ಮ ಹೆಸರು ಕಣ್ರೀ!" ಎಂದು ಹೆಂಡತಿ ತೋಳು ಚಿವುಟಿದಳು. ಅವನು ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತ ಕೂತ.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಸಿಕ್ಕಳು. ಎಲ್ಲರೂ ಆ ಹನ್ನೊಂದು ನಿಮಿಷದ ಮಾತನ್ನೇ ಆಡುತ್ತಿದ್ದರು. ಆಕೆ ಅವನ ಎರಡೂ ಕೈ ಹಿಡಿದುಕೊಂಡಳು.

"ಎಲ್ಲರೂ ಕೈ ಬಿಟ್ರು ಅಣ್ಣಾ. ಮಾತು ಉಳಿಸಿಕೊಂಡೋರು ನೀವೊಬ್ಬರೇ. ತಪ್ಪು ನಂದು. ನಾಲ್ಕೇ ಗಂಟೆ, ಮಗಳ ಆಸೆಗೆ ಬಿದ್ದು ಎದ್ದು ಹೋದೆ. ಅಷ್ಟರಲ್ಲಿ ಯಾರು ತಂದುಕೊಟ್ರೋ, ಎಲ್ಲಿ ಸಿಕ್ತೋ. ಇನ್ನು ಅವನನ್ನ ಬಿಟ್ಟು ಒಂದು ಗಳಿಗೆ ಕೂಡ ಎಲ್ಲಿಗೂ ಹೋಗಲ್ಲ."

"ಮಗಳಿಗೆ ಎಷ್ಟು ತಿಂಗಳಾಯ್ತು ಅಕ್ಕಾವ್ರೇ?"

"ಎಂಟು. ಬಾ ಬಾ ಅಂತ ಅಳ್ತಾಳೆ. ಹೇಗೆ ಹೋಗ್ಲಿ?"

ಆಗ ಹೇಳಬೇಕಿತ್ತು. ಅಲ್ಲೇ, ಆ ಮೆಟ್ಟಿಲ ಮೇಲೆ, ಆಕೆಯ ಕೈ ತನ್ನ ಕೈಯಲ್ಲಿದ್ದಾಗ. ಮಾತು ತುದಿನಾಲಿಗೆಗೆ ಬಂದಿತ್ತು ಎಂದು ಅವನು ಆಮೇಲೆ ಹೆಂಡತಿಯ ಮುಂದೆ ಹೇಳಿಕೊಂಡ. ಆದರೆ ಹೆಂಡತಿ ಹೊಸ ಸೀರೆಯುಟ್ಟು ಪಕ್ಕದಲ್ಲಿ ನಿಂತಿದ್ದಳು, ಯಾರೋ ಬಂದು ಬೆನ್ನು ತಟ್ಟಿ ಹೋದರು, ಪರದೆಯ ಮೇಲಿನ ಹೆಸರು ಇನ್ನೂ ಕಣ್ಣಲ್ಲಿತ್ತು. "ಬಿಡಿ ಅಕ್ಕಾವ್ರೇ, ಹಣೆಬರಹ" ಎಂದುಬಿಟ್ಟ. ತಾನು ಮಾಡಿದ್ದನ್ನು ಹಣೆಬರಹದ ತಲೆಗೆ ಕಟ್ಟುವುದು ಎಷ್ಟು ಸುಲಭ!

ಅಕ್ಕನ ಸಾಮಾನುಗಳಿದ್ದ ಪೆಟ್ಟಿಗೆ ಅವನ ಮನೆಯ ಮಂಚದ ಕೆಳಗೆ ಉಳಿಯಿತು. ಸಾಮಾನು ವಾಪಸು ಮುಟ್ಟಿಸುವುದರಲ್ಲಿ ಅವನು ಗಡಿಯಾರದಷ್ಟು ಖಚಿತ. ಇದನ್ನು ಮಾತ್ರ ನಾಳೆ ನಾಡಿದ್ದು ಎಂದು ವರ್ಷಕ್ಕೂ ಹೆಚ್ಚು ತಳ್ಳಿದ. ಗುಡಿಸುವಾಗಲೆಲ್ಲ ಪೊರಕೆ ಪೆಟ್ಟಿಗೆಗೆ ತಾಗಿ ಹೆಂಡತಿ ಗೊಣಗುತ್ತಿದ್ದಳು. ಒಂದು ದಿನ ಗೊಣಗುವುದನ್ನು ಬಿಟ್ಟು ನೇರವಾಗಿ ಕೇಳಿದಳು: "ಏನು ಮಾಡಿದ್ದೀರಿ ನೀವು? ಆ ಮನೆ ಹೆಸರು ಎತ್ತಿದ್ರೆ ಮುಖ ತಿರುಗಿಸ್ತೀರಲ್ಲ." ಅವನು ಎಲ್ಲವನ್ನೂ ಹೇಳಿದ. ಆಕೆ ಪೊರಕೆ ಹಿಡಿದುಕೊಂಡೇ ಕೇಳಿಸಿಕೊಂಡಳು. "ನನ್ನ ಮುಂದೆ ಅತ್ತರೆ ಏನು ಬಂತು? ಆ ಯಮ್ಮನ ಮುಂದೆ ಹೋಗಿ ಹೇಳಿ" ಎಂದಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಹೋದ. ಬಾಗಿಲು ತೆಗೆದ ಅಕ್ಕನ ಗುರುತು ಒಂದು ಕ್ಷಣ ಸಿಗಲಿಲ್ಲ. ಕೂದಲು ಅರ್ಧ ಬೆಳ್ಳಗಾಗಿತ್ತು. ತಮ್ಮನ ಕೋಣೆಯ ಬಾಗಿಲಿಗೆ ಎದುರಾಗಿ ಒಂದು ಕುರ್ಚಿ, ಅದರ ಮೇಲೆ ಮಡಿಸಿದ ಕಂಬಳಿ. ಆಕೆಯ ಬದುಕೆಲ್ಲ ಆ ಕುರ್ಚಿಯಲ್ಲೇ ನಡೆಯುತ್ತಿತ್ತು. ಹೀರೋ ಎರಡನೆಯ ಸಲ ಚಿಕಿತ್ಸೆ ಮುಗಿಸಿ ಬಂದು ಐದು ವಾರವಾಗಿತ್ತು. ಒಳಗೆ ಮಲಗಿದ್ದ.

"ಮಗಳು ಚೆನ್ನಾಗಿದ್ದಾಳಾ ಅಕ್ಕಾವ್ರೇ?"

"ಇದ್ದಾಳೆ ಅಂತ ಕಾಣುತ್ತೆ. ಗಂಡು ಮಗು. ಹೆರಿಗೆಗೆ ನಾನು ಹೋಗ್ಲಿಲ್ಲ. ತುಂಬ ಕಷ್ಟ ಆಯ್ತಂತೆ ಅವಳಿಗೆ, ಎರಡು ದಿನ ನನ್ನ ಹೆಸರೇ ಕೂಗಿದಳಂತೆ. ಆಮೇಲೆ ಅವಳು ನನ್ನ ಫೋನ್ ಎತ್ತೋದನ್ನೇ ಬಿಟ್ಟಳು. ಮಗೂಗೆ ಮೊನ್ನೆ ವರ್ಷ ತುಂಬಿತು. ಅಳಿಯ ಕದ್ದು ಒಂದು ಫೋಟೋ ಕಳಿಸಿದ್ದ."

ಬಾಟ್ಲಿಯಣ್ಣ ನಿಂತೇ ಹೇಳಿದ. ವಾಸನೆಗೆಂದು ಸಾರ್ ಕೇಳಿದ್ರು ಎಂದ, ಒಂದು ಮುಚ್ಚಳ ಎಂದ, ಒಂಬತ್ತನೆಯ ನಿಮಿಷ ಎಂದ, ತಾನು ಬಾಯಿ ಬಿಡಲಿಲ್ಲ ಎಂದ. ಅಕ್ಕ ಪೆಟ್ಟಿಗೆಯಿಂದ ತೆಗೆದ ಒಂದು ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವುದು ನಿಲ್ಲಲಿಲ್ಲ.

"ಅವನು ಯಾವಾಗ ಕೇಳಿದ ನಿಮ್ಮನ್ನ? ನಾನು ಎದ್ದು ಹೋದ ಮೇಲಾ?"

"ಇಲ್ಲ. ಹಿಂದಿನ ದಿನ, ಊಟದ ಹೊತ್ತಲ್ಲಿ. ನೀವು ಅಲ್ಲೇ ಸ್ವೆಟರ್ ಹೆಣೀತಾ ಕೂತಿದ್ರಿ."

"ಅಲ್ಲೇ ಕೂತಿದ್ದೆ."

"ಹೂಂ. ಹತ್ತು ಹೆಜ್ಜೆ ದೂರದಲ್ಲಿ."

"ಅಂದ್ರೆ ನಾನು ಹೋಗದೇ ಇದ್ದಿದ್ರೂ…" ಎಂದು ಆಕೆ ಅರ್ಧಕ್ಕೆ ನಿಲ್ಲಿಸಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಹಗುರವಾಗಬಹುದೆಂಬ ಆಸೆಯೂ ಇತ್ತು. ಆಕೆ ಬೈಯಲಿಲ್ಲ.

"ಆ ಮೆಟ್ಟಿಲ ಮೇಲೆ ಹೇಳಬಾರದಿತ್ತಾ ಅಣ್ಣಾ? ಇನ್ನೂ ಒಂದು ತಿಂಗಳಿತ್ತಲ್ಲ. ನಾನು ಹೋಗಿರ್ತಿದ್ದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅಟ್ಟ ಮೇಲೆ ಉರಿದ ಒಲೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅಕ್ಕ ಒಳಗೆ ಹೋಗಿ ಸೀರೆ ಬದಲಾಯಿಸಿ ಕೈಚೀಲ ಹಿಡಿದು ಬಂದಳು. ಚಪ್ಪಲಿ ಮೆಟ್ಟುವಾಗ ಕಾಲು ಎರಡು ಸಲ ತಪ್ಪಿತು.

"ಆ ಕುರ್ಚಿ ಮೇಲೆ ನೀವು ಕೂತ್ಕೊಳ್ಳಿ. ಹನ್ನೊಂದಕ್ಕೆ ಮಾತ್ರೆ ಇದೆ, ಡಬ್ಬೀಲಿ. ಒಂದು ಗಂಟೆಗೆ ಊಟ. ಎದ್ದು ಹೋಗಬೇಡಿ" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದಳು.

ಅವನು ಕೂತ. ಹನ್ನೊಂದಕ್ಕೆ ಹೀರೋ ಎದ್ದು ಬಂದು, ಅಕ್ಕನ ಜಾಗದಲ್ಲಿ ಅವನನ್ನು ಕಂಡು, ಬಾಗಿಲ ಚೌಕಟ್ಟು ಹಿಡಿದು ನಿಂತ.

"ಅಕ್ಕ?"

"ಮಗಳ ಮನೆಗೆ ಹೋದ್ರು ಸಾರ್."

"ಹೇಳಿಬಿಟ್ರಾ?"

"ಹೇಳ್ದೆ."

ಹೀರೋ ಅಲ್ಲೇ ನೆಲದ ಮೇಲೆ ಕೂತ. "ನಾನೇ ಹೇಳಬೇಕಿತ್ತು. ದಿನಾ ಅಂದ್ಕೊಳ್ತಿದ್ದೆ. ಅವಳು ತನ್ನ ತಪ್ಪು ತನ್ನ ತಪ್ಪು ಅಂತ ಅಳೋವಾಗೆಲ್ಲ ಸುಮ್ಮನೆ ಕೇಳಿಸ್ಕೊಂಡು ಮಲಗಿರ್ತಿದ್ದೆ. ನಿಜ ಗೊತ್ತಾದ್ರೆ ನನ್ನ ಬಿಟ್ಟು ಹೋಗ್ತಾಳೆ ಅಂತ ಭಯ, ಬಾಟ್ಲಿಯಣ್ಣ." ಇಬ್ಬರು ಗಂಡಸರು ಸೇರಿ ಒಬ್ಬ ಹೆಂಗಸಿನ ತಲೆಯ ಮೇಲೆ ಒಂದೂವರೆ ವರ್ಷ ತಮ್ಮ ಹೊರೆ ಇಟ್ಟಿದ್ದರು. ಬಾಟ್ಲಿಯಣ್ಣ ಎದ್ದು ಮಾತ್ರೆ ಕೊಟ್ಟು, ನೀರು ಕೊಟ್ಟು, ಮತ್ತೆ ಬಂದು ಕೂತ. ಒಂದು ಗಂಟೆಗೆ ಊಟ ಬಡಿಸಿದ. ಹೀರೋ ಎರಡು ತುತ್ತು ತಿಂದು ಕೈ ತೊಳೆದ.

ಮೂರು ಗಂಟೆಗೆ ಫೋನ್ ಬಂತು.

"ಅವನು ಊಟ ಮಾಡಿದ್ನಾ?"

"ಸ್ವಲ್ಪ ಮಾಡಿದ್ರು ಅಕ್ಕಾವ್ರೇ. ಇಲ್ಲೇ ಇದ್ದಾರೆ. ಮಗಳು ಸಿಕ್ಕಿದ್ರಾ?"

"ಸಿಕ್ಕಿದಳು. ಒಳಗೆ ಬಾ ಅಂದಳು. ಬೇರೇನೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ." ಆಕೆಯ ಹಿಂದೆ ಒಂದು ಮಗು ಕಿರುಚಿ ಅಳುವುದು ಕೇಳಿಸುತ್ತಿತ್ತು. ಹೀರೋ ಹತ್ತಿರ ಬಂದು ಫೋನಿಗೆ ಕಿವಿ ತಂದ.

"ಏನಾಯ್ತು ಮಗೂಗೆ?" ಎಂದು ಬಾಟ್ಲಿಯಣ್ಣ ಕೇಳಿದ.

"ಏನೂ ಆಗಿಲ್ಲ ಅಣ್ಣಾ. ನಾನು ಎತ್ಕೊಂಡೆ" ಎಂದಳು ಅಕ್ಕ. "ಗುರುತಿಲ್ಲ ನೋಡಿ, ಯಾರೋ ಹೊರಗಿನವಳು ಅಂತ ಹೆದರಿಕೊಂಡಿದೆ."